ದಿಲೀಪನ ಕತ್ತಿಗೆ ಒರೆ

ಶಹಾಬಾದ
೯ ನವೆಂಬರ್ ೨೦೨೪

ಭಾಗ್ಯಜ್ಯೋತಿಯ ಅಪ್ಪನವರಿಗೆ,

ನಿಮ್ಮ ಉಮಾದೇವಿಯ ಶರಣು.

ದೀಪಾವಳಿ ಮುಗಿದ್ರೂ ಪತ್ರ ಬರಲಿಲ್ಲ ಅಂತ ಬ್ಯಾಸರ ಮಾಡ್ಕೊಂಡಿರ್ತೀರಿ, ತಪ್ಪಾಯ್ತು. ಬರೀಲಿಕ್ಕ ಕುಂತಾಗೆಲ್ಲ ಏನು ಬರೀಬೇಕು, ಏನು ಬಿಡಬೇಕು ತಿಳೀದೆ ಎದ್ದು ಹೋಗ್ತಿದ್ದೆ. ಜೈಲಿನವರು ಓದಿಯೇ ನಿಮ್ಮ ಕೈಗೆ ಕೊಡ್ತಾರಂತ. ಓದಲಿ. ಈ ಸಲ ಅವರೂ ಓದೋದೇ ಛಲೋ.

ನಾವು ಆರಾಮ ಇದ್ದೀವಿ. ಭಾಗ್ಯಾ ಕಾಲೇಜಿಗೆ ಹೋಗ್ತಾಳ. ನಾನು ಅಂಬರಾಯಣ್ಣನ ಬಡಗಿ ಶೆಡ್ಡಿನಾಗ ಕಟ್ಟಿಗಿಗೆ ಪಾಲಿಶ್ ಹಾಕಲಿಕತ್ತೀನಿ. ಒಡಹುಟ್ಟಿದವ, ಒಂದು ದಿನಾನೂ ಮುಖ ಗಂಟು ಹಾಕಿಲ್ಲ.

ನಿಮ್ಮ ಬಿಡುಗಡೆ ಸುದ್ದಿ ಬಂದ ಮರುವಾರ ದಿಲೀಪ ಬಂದ. ಹೌದು, ರತ್ನದೀಪನ ತಮ್ಮ. ನೀವೂ ರತ್ನದೀಪನೂ ಕೂಡಿ ಪರ್ಸಿಕಲ್ಲು ಕೊಯ್ಯೋ ಮಶೀನು ಹಾಕಿದಾಗ ನಮ್ಮ ಮನ್ಯಾಗೇ ಉಂಡು, ನನ್ನ ಅತ್ತಿಗಿಯಂಗ ವೈನಿ ಅಂತ ಕರೀತಾ ಬೆಳೆದವ. ನಿಮ್ಮ ಹಾರೆ ಏಟಿಗೆ ಅವರಣ್ಣ ಸತ್ತ ಮ್ಯಾಲೆ ಸೇಡಂಗೆ ಹೋಗಿ ಈ ಕಡೆ ಮುಖ ಹಾಕಿರಲಿಲ್ಲ.

ಹಳೇ ದುಪ್ಪಟಿಯಾಗ ಸುತ್ತಿದ್ದನ್ನ ಬೆಂಚಿನ ಮ್ಯಾಲೆ ಬಿಚ್ಚಿದ. ಜಪಾನಿ ಕತ್ತಿ. ಹೈದರಾಬಾದಿನಾಗ ಕೊಂಡಿದ್ದಂತ. ಸ್ವಲ್ಪ ಬಾಗಿದ ಅಲಗು. ಅಂಥ ಹೊಳಪು ನಾ ಯಾವ ಕಬ್ಬಿಣದಾಗೂ ನೋಡಿಲ್ಲ.

"ಇದಕ್ಕ ಒರೆ ಮಾಡಿಕೊಡ್ರಿ ಕಾಕಾ, ಗ್ವಾಡಿಗೆ ತೂಗಹಾಕ್ತೀನಿ," ಅಂತ ಅಣ್ಣಗ ಅಂದ.

ಸೇಡಂನಾಗ ಬಡಗ್ಯಾರು ಇಲ್ಲೇನು ಅಂತ ಅಣ್ಣ ಕೇಳಿದ.

"ಇದ್ದಾರ. ನಿಮ್ಮ ಕೈಲೇ ಆಗಬೇಕು."

ಅಣ್ಣ ಠಾಣೆಗೆ ಹೋಗಿ ಹೇಳಿಬಂದ. ಅವ ಯಾರಿಗೂ ಏನೂ ಅಂದಿಲ್ಲ, ಚಂದಕ್ಕ ಇಟ್ಟುಕೊಳ್ಳೋ ಸಾಮಾನು, ನಾವೇನು ಮಾಡೋಣ ಅಂತ ಪೊಲೀಸರು ಅಂದ್ರಂತ. ಒಲ್ಲೆ ಅಂದ್ರ ಬ್ಯಾರೆ ಕಡೆ ಮಾಡಿಸ್ತಾನ, ಇಲ್ಲೇ ಆದ್ರ ಕಣ್ಣಮುಂದ ಇರ್ತದ ಅಂತ ಅಣ್ಣ ಕೆಲಸ ಹಿಡಿದ.

ಸಾಗವಾನಿ ಗಟ್ಟಿ, ಅಲಗಿಗೆ ಗೀರು ಬೀಳ್ತಾವ ಅಂತ ಮೆತ್ತನ್ನ ಶಿವನಿ ಕಟ್ಟಿಗಿ ತರಿಸಿದ. ಎರಡು ಹೋಳು ಮಾಡಿ, ಒಳಗ ಅಲಗಿನ ಅಚ್ಚು ಕೆತ್ತಿ, ಅನ್ನ ಅರೆದ ಅಂಟಿನಿಂದ ಕೂಡಿಸಿದ. ಅಲಗು ಕಟ್ಟಿಗಿಗೆ ತಾಕಬಾರದು, ಒರೆ ಬಾಯಿ ಹತ್ರ ಮಾತ್ರ ಬಿಗಿ ಇರಬೇಕಂತ. ದಿಲೀಪ ವಾರವಾರ ಬಂದು ಕತ್ತಿ ಹಿರಿದು ನೋಡ್ತಿದ್ದ.

"ಇನ್ನೂ ಸಪ್ಪಳ ಬರ್ತದ ಕಾಕಾ, ಇನ್ನಷ್ಟು ಕೆತ್ರಿ."

ಗ್ವಾಡಿಗೆ ತೂಗೋ ಕತ್ತಿಗೆ ಸಪ್ಪಳ ಇದ್ರೇನು, ಬಿಟ್ರೇನು? ಒಂದಿನ ಒರೆ ಜೀಪಿನ ಸೀಟಿನ ಕೆಳಗ ಕೂಡ್ತದೇನು ಅಂತ ಇಟ್ಟು ನೋಡಿದ. ನನಗ ಬೈದಿಲ್ಲ, ಬೆದರಿಸಿಲ್ಲ. ತಿನ್ನಲಿಕ್ಕ ಮಾಲ್ಪುರಿ ತರ್ತಿದ್ದ. ಭಾಗ್ಯಾನ ಓದು ವಿಚಾರಿಸ್ತಿದ್ದ. ಬೈದಿದ್ರ ನಾ ನಿದ್ದಿ ಮಾಡ್ತಿದ್ದೆ.

ನಿನ್ನೆ ಒರೆ ಮುಗೀತು. ಕರಿ ಬಣ್ಣ ತಿಕ್ಕಿದವಳು ನಾನೇ. ಅವ ಹಿರಿದ, ಸಪ್ಪಳ ಬರಲಿಲ್ಲ. ಕತ್ತಿ ಒಳಗ ಸೇರಿಸಿ, ಬಗ್ಗಿ ನನ್ನ ಕಾಲು ಮುಟ್ಟಿದ. ಹೋಗೋ ಮುಂದ, "ವೈನಿ, ಕಾಳಗಿ ದಾಟಿ ಚಿಂಚೋಳಿಗೆ ಹೋಗೋ ರಸ್ತೆ ಈಗ ಭಾಳ ಛಲೋ ಆಗ್ಯದ," ಅಂದು ಜೀಪು ಹತ್ತಿದ.

ನಿಮ್ಮನ್ನ ಜೈಲಿನ ಗೇಟಿನಿಂದ ಸೀದಾ ಚಿಂಚೋಳಿ ಅಕ್ಕನ ಮನಿಗೆ ಒಯ್ಯೋದು ಅಂತ ನಾನೂ ಅಣ್ಣನೂ ಮಾತಾಡಿಕೊಂಡಿದ್ವಿ. ಮೂರನೆಯವರ ಕಿವಿಗೆ ಹಾಕಿರಲಿಲ್ಲ. ಅವನಿಗೆ ಹ್ಯಾಂಗ ಗೊತ್ತಾಯ್ತೋ, ನನಗ ಇನ್ನೂ ತಿಳಿದಿಲ್ಲ.

ಅದಕ್ಕ ಆ ದಾರಿ ಬ್ಯಾಡ. ಬಿಡುಗಡೆ ಕಾಗದಕ್ಕ ಸಹಿ ಮಾಡೋ ಮೊದಲು ಈ ಪತ್ರ ದೊಡ್ಡ ಸಾಹೇಬರ ಮುಂದ ಇಡ್ರಿ. ಪೊಲೀಸರ ಕಾವಲು ಕೊಟ್ಟು ಕಳಸ್ರಿ ಅಂತ ಕೇಳ್ರಿ. ನಾ ಬರೋತನಕ ಗೇಟು ದಾಟಬ್ಯಾಡ್ರಿ.

ಭಾಗ್ಯಾ ನಮಸ್ಕಾರ ಹೇಳ್ಯಾಳ. ಬಸವಣ್ಣ ನಿಮ್ಮನ್ನ ಕಾಯಲಿ.

ನಿಮ್ಮ
ಉಮಾದೇವಿ

ತಾ.ಕ.: ಕಾಲು ಮುಟ್ಟಿ ಎದ್ದವ ಒಂದು ಮಾತು ಕೇಳಿದ, ಅದನ್ನ ಮ್ಯಾಲೆ ಬರೀಲಿಕ್ಕ ಆಗಲಿಲ್ಲ. "ವೈನಿ, ನಮ್ಮಣ್ಣ ಸಾಯೋ ಮುಂದ ನೀರು ಕೇಳಿದ್ನಾ?" ಇಲ್ಲಪ್ಪಾ, ಏಟು ಬಿದ್ದಕೂಡ್ಲೇ ಜೀವ ಹೋಯ್ತಂತ ಅಂದೆ. ಅವ ನನ್ನ ಮುಖಾನೇ ನೋಡಿದ. ಪೊಲೀಸರು ಬರೋ ಮೊದಲು ನೀವು ನನ್ನ ಮುಂದ ಅತ್ತು ಹೇಳಿದ್ದು ಬ್ಯಾರೆ: ರತ್ನದೀಪ ನೀರು ನೀರು ಅಂತ ಭಾಳ ಹೊತ್ತು ಕೇಳಿದ, ತುಂಬಿದ ಕೊಡ ನಿಮ್ಮ ಕಾಲ ಹತ್ರಾನೇ ಇತ್ತು. ಸಿಟ್ಟಿನಾಗ ಹೊಡೆದ್ರಿ, ಅದು ನನಗ ತಿಳೀತದ. ನೀರು ಯಾಕ ಕೊಡಲಿಲ್ಲ? ಇಷ್ಟು ವರ್ಷ ಭೇಟಿಗೆ ಬಂದು ಜಾಳಿಗಿ ಆಚೆ ಕುಂತ್ರೂ ಕೇಳಲಿಲ್ಲ. ಮನಿಗೆ ಬರೋ ಮೊದಲು ಹೇಳ್ರಿ.