ತೆರೆದ ಅಂಗೈಗಳು

ಏಪ್ರಿಲ್ 2
ಹಸು ಕರೆದೆ. ರೊಟ್ಟಿ ತಟ್ಟಿದೆ. ನನ್ನ ಗಂಡ ಅಕ್ಮಾತ್ ತೀರಿಹೋಗಿ ಇನ್ನೂ ವರ್ಷವಾಗಿಲ್ಲ. ಅವರ ಬಟ್ಟೆ ಹಂಚಬೇಕು... ನಾಳೆ.
ಓಶ್ ನಗರದಿಂದ ಭೂವಿಜ್ಞಾನದವರು ಇಬ್ಬರು ಬಂದಿದ್ದರು, ಒಬ್ಬಳು ಹುಡುಗಿ, ಒಬ್ಬರು ಮುದುಕರು. ಮನೆಗಳ ಮೇಲಿನ ಗುಡ್ಡದ ಬಿರುಕು ನೋಡಿದರು. ಈ ವಸಂತದಲ್ಲೇ ಜಾರಬಹುದು ಎಂದಳು ಹುಡುಗಿ. ಹತ್ತು ವರ್ಷ ನಿಲ್ಲಲೂಬಹುದು ಎಂದರು ಮುದುಕರು. ನೀವೇ ತೀರ್ಮಾನಿಸಿ ಎಂದು ಜೀಪು ಹತ್ತಿದರು.
"'ಬಹುದು' ಅನ್ನೋಕೆ ಓಶ್‌ನಿಂದ ಬರ್ಬೇಕಿತ್ತಾ? ನಮ್ಮ ಕತ್ತೆನೂ ಅನ್ನುತ್ತೆ," ಅಂದರು ಊರ ಹಿರಿಯರಾದ ಸಾತಿಬಾಲ್ದಿ ಅಜ್ಜ.

ಏಪ್ರಿಲ್ 3, ಮಧ್ಯಾಹ್ನ
ಅಜ್ಜನ ಮನೆಯಲ್ಲಿ ಸಭೆ. ಕಣಿವೆಯ ಶಾಲೆಗೆ ಇಳಿಯುವುದೋ, ಇಲ್ಲೇ ಇರುವುದೋ. ಕೆಲವರು ಹುಡುಗಿಯ ಪರ, ಕೆಲವರು ಮುದುಕರ ಪರ. ಚಹಾ ಆರುವಷ್ಟರಲ್ಲಿ ಅದಲುಬದಲು. ಆಮೇಲೆ ಎಲ್ಲರೂ ನನ್ನತ್ತ ನೋಡಿದರು — ಬಿರುಕಿಗೆ ಹತ್ತಿರದ ಮನೆ ನನ್ನದೇ. ತಲೆ ತಗ್ಗಿಸಿದೆ. ಸೂತಕದ ವರ್ಷದಲ್ಲಿರುವವಳು ಸಭೆಯಲ್ಲಿ ಏನು ಮಾತಾಡುವುದು?
"ಸರಿ. ಇರೋಣ," ಅಂದರು ಅಜ್ಜ. ಹರಸಲು ಅಂಗೈ ತೆರೆದರು. ಎಲ್ಲರೂ ತೆರೆದರು. ನಾನೂ. ಮುಖ ಸವರಿಕೊಂಡೆವು. ಹಾಗೆ ಹರಸಿ ಮುಗಿಸಿದ ಮಾತನ್ನು ಯಾರೂ ಮುರಿಯುವುದಿಲ್ಲ.
ಹೆದರಿಕೆ ನನಗೊಬ್ಬಳಿಗೇನಾ?

ಏಪ್ರಿಲ್ 9
ಮಳೆ ಬಿಟ್ಟಿಲ್ಲ. ಬಿರುಕಿನೊಳಗೆ ಈಗ ನನ್ನ ತೋಳು ಹೋಗುತ್ತದೆ.
ಓರಗಿತ್ತಿ ಬುರ್ಮಾಕಾನ್ ಬಂದಳು. ಅವರ ಮನೆಯಲ್ಲಿ ರಾತ್ರಿ ಓಡಬೇಕಾದೀತೆಂದು ಬೂಟು ಹಾಕಿಕೊಂಡೇ ಮಲಗುತ್ತಾರಂತೆ.
"ಮತ್ತೆ ಇರೋಣ ಅಂದ್ರಲ್ಲ ಎಲ್ಲ?"
"ನಿಮಗೋಸ್ಕರ ಅಕ್ಕ. ಭಾವನ ವರ್ಷದೂಟ ಈ ಮನೇಲೇ ಆಗ್ಬೇಕು, ಅಲ್ಲೀವರೆಗೆ ನೀವು ಹೊಸಲು ಬಿಡಲ್ಲ ಅಂದ್ಕೊಂಡ್ವಿ."
"ನಾನೇನೂ ಹೇಳ್ಲಿಲ್ಲ."
"ಅದಕ್ಕೇ."
ಒಲೆಯ ಮೇಲೆ ಹಾಲು ಉಕ್ಕಿತು. ಇಬ್ಬರೂ ಏಳಲಿಲ್ಲ.
ಅವರಿಗೆ ಇರುವುದು ಬೇಕೆಂದು ನಾನು, ನನಗೆ ಬೇಕೆಂದು ಅವರು... ಹಾಗಾದರೆ ಇರೋಣ ಅಂದವರು ಯಾರು?

ಏಪ್ರಿಲ್ 10, ಬೆಳಿಗ್ಗೆ
ಅಜ್ಜನಿಗೆ ಹೇಳಿದೆ. ನಾನು ಹೋಗಬೇಕು ಅಂತ.
"ಅವತ್ತೇ ಬಾಯಿ ಬಿಡೋಕೇನಾಗಿತ್ತಮ್ಮಾ? ಗಂಡನಿಗೆ ತಕ್ಕ ಹೆಂಡ್ತಿ. ಅವನೂ ಊಟಕ್ಕೆ ಉಪ್ಪು ಬೇಕಿದ್ರೂ ಕೇಳ್ತಿರ್ಲಿಲ್ಲ." ಆಮೇಲೆ ಮೆಲ್ಲಗೆ, "ಹರಸಿದ ಬಾಯಲ್ಲೇ ನಾನು ಮುರೀಲಾರೆ. ಮೇಲಿನ ಮನೆಯವಳು ನೀನು ಮೊದ್ಲು ಇಳಿದ್ರೆ ತಡೆಯೋದಿಲ್ಲ."
ಹುಡುಗಿ ಸರಿಯೋ, ಮುದುಕರು ಸರಿಯೋ, ಈಗಲೂ ಗೊತ್ತಿಲ್ಲ. ಗುಡ್ಡ ಹತ್ತು ವರ್ಷ ನಿಂತರೆ ಊರು ನಗುತ್ತದೆ. ನಗಲಿ.
ಹಾಸುಗಂಬಳಿಗಳನ್ನು ಎಲ್ಲರಿಗೂ ಕಾಣುವಂತೆ ಅಂಗಳದಲ್ಲೇ ಗಂಟು ಕಟ್ಟಿದೆ. ಹಸುವನ್ನು ಬಿಚ್ಚಿದೆ. ದಣಿವಾರಿಸಿಕೊಳ್ಳಲು ಕೂತು ಬರೆಯುತ್ತಿದ್ದೇನೆ. ಕೆಳಗೆ ಬುರ್ಮಾಕಾನ್ ಬಾಗಿಲಲ್ಲಿ ನಿಂತು ನೋಡುತ್ತಿದ್ದಾಳೆ. ಮೈದುನ ಹಗ್ಗ ಹಿಡಿದು ಹೊರಬಂದ. ನನ್ನ ಹಸುವನ್ನು ಮತ್ತೆ ಕಟ್ಟಿಹಾಕಲೋ, ಇಲ್ಲ ತಮ್ಮ ಸಾಮಾನು ಕಟ್ಟಲೋ —