ತೊಲೆ ಕೊಯ್ದು ಪದಕ ತೊಡಿಸುವವರಿಗೆ

ನಗರಸೌಂದರ್ಯ ಸಮಿತಿಯ ಮಾನ್ಯ ಅಧ್ಯಕ್ಷರೇ,

ನನ್ನ ಗಂಡ ತನ್ನ ಮನೆಗೆ ಬಾರದಂತೆ ಮಾಡಿದ್ದೀರಿ. ಉಪಚಾರದ ಮಾತೆಲ್ಲ ಆಮೇಲೆ, ಮೊದಲು ಇದನ್ನು ಕೇಳಿಸಿಕೊಳ್ಳಿ. ಕಾಲುವೆ ದಂಡೆಯ ನಮ್ಮ ಮನೆಸಾಲಿನ ನೆತ್ತಿಯಲ್ಲಿ ಹಗ್ಗ ಹಾಯಿಸಿ ಸಾಮಾನು ಎತ್ತಲೆಂದು ಹೊರಚಾಚಿದ್ದ ತೊಲೆಗಳನ್ನು ಹಳತಾಗಿ ಅಂದಗೆಟ್ಟಿವೆಯೆಂದು ಈ ಬೇಸಿಗೆಯಲ್ಲಿ ನಿಮ್ಮ ಸಮಿತಿ ಕೊಯ್ಯಿಸಿತು. ಚಳಿ ತಡೆಯುವ ನೆಪದಲ್ಲಿ ದೊಡ್ಡ ಕಿಟಕಿಗಳಿಗೆ ಮತ್ತೆಂದೂ ತೆರೆಯಲಾಗದಂತೆ ಗಾಜು ಕೂರಿಸಿತು. ಅದೇ ಸಮಿತಿ ಈಗ ಆ ಮನೆಗಳ ವಾಸ್ತುಶಿಲ್ಪಿ ಅಲೈಡಾ ಟೆರ್ಪ್‌ಸ್ಟ್ರಾ ಅವರ ಜೀವಮಾನದ ಸಾಧನೆಗೆಂದು ಪ್ರದರ್ಶನ ಏರ್ಪಡಿಸಿ, ಶನಿವಾರ ಅವರಿಗೆ ಪದಕ ತೊಡಿಸಲಿದೆ. ಕೈ ಕಡಿದು ಬಳೆ ತೊಡಿಸಿದ ಹಾಗಾಗಲಿಲ್ಲವೇ?

ಅಲೈಡಾ ಅವರ ಕಟ್ಟಡಗಳು 'ಬೆಳಕಿನೊಡನೆ ನಡೆಸಿದ ಸಂವಾದ' ಎಂದು ನಿಮ್ಮ ಆಮಂತ್ರಣ ಹೇಳುತ್ತದೆ. ಸಂವಾದವಂತೆ! ಸರಕು ದೋಣಿಯಲ್ಲಿ ಹುಟ್ಟಿ ಬೆಳೆದ ಹೆಂಗಸು ಆಕೆ; ಯಾವ ಸಾಮಾನು ಎಲ್ಲಿಂದ ಒಳಗೆ ಬರಬೇಕೆಂಬುದನ್ನು ಅಕ್ಷರಕ್ಕಿಂತ ಮೊದಲೇ ಕಲಿತವರು. ಫ್ರೀಸ್‌ಲಾಂಡಿನಲ್ಲಿ ಅವರು ಕಟ್ಟಿದ ಮೊದಲ ಶಾಲೆಯಲ್ಲಿ ಪಡಸಾಲೆಯೇ ಇಲ್ಲ. ಪ್ರತಿ ತರಗತಿಗೂ ಹೊರಗಿನಿಂದ ಅದರದೇ ಬಾಗಿಲು, ಮಕ್ಕಳ ಕೆಸರು ಬೂಟು ಬಿಡಲು ಅಲ್ಲೇ ಜಾಗ. ಝೀಲಾಂಡಿನ ಕಡಲೊಡ್ಡಿನ ಮೇಲಿನ ಗ್ರಂಥಾಲಯದಲ್ಲಿ, ಪುಸ್ತಕ ಮುಟ್ಟದವರೂ ಗಾಳಿ ತಪ್ಪಿಸಿಕೊಂಡು ಕೂರಲೆಂದು ಗೋಡೆಯುದ್ದಕ್ಕೂ ಕಟ್ಟೆ ಕಟ್ಟಿಸಿದರು. ಅದರ ಮಾಡು ಮಾತ್ರ ಚಳಿಗಾಲವಿಡೀ ಸೋರುತ್ತಿತ್ತು, ಅದನ್ನೂ ಹೇಳಿಬಿಡುತ್ತೇನೆ, ಆಕೆ ದೇವತೆಯೇನಲ್ಲ. ನಮ್ಮ ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಒಬ್ಬರು ಉಸಿರು ಬಿಗಿಹಿಡಿಯಬೇಕು, ಎಷ್ಟು ಸಲ ಶಪಿಸಿದ್ದೇನೋ. ಆದರೆ ರಾಟರ್‌ಡ್ಯಾಮಿನ ದೊಡ್ಡ ವಸತಿ ಗೋಪುರದ ಕೆಲಸ ತಾನಾಗಿ ಬಂದಾಗ, 'ಕಿಟಕಿ ತೆಗೆಯೋಕಾಗದ ಮನೆ ನಾನು ಕಟ್ಟಲ್ಲ' ಎಂದು ಎದ್ದು ಬಂದವರೂ ಆಕೆಯೇ. ಅಂಥವರ ಕಿಟಕಿಗಳನ್ನು ನೀವು ಮುಚ್ಚಿಸಿದ್ದೀರಿ.

ಏಣಿಯಂಥ ಮೆಟ್ಟಿಲಿನ ನಮ್ಮ ಮನೆಗಳಿಗೆ ಮಂಚ, ಬೀರು ಹೋಗುವುದು ಕಿಟಕಿಯಿಂದಲೇ ಎಂದು ನಿಮಗೆ ನಾನು ಪಾಠ ಹೇಳಬೇಕೆ? ನಾವು ಒಕ್ಕಲು ಬಂದ ದಿನ ಕೆಳಮನೆಯ ಟ್ಯೂನಿಸ್ ಹಗ್ಗ ಹಿಡಿದು ಬೀದಿಯಿಂದ ನನ್ನ ಹೆಸರು ಹಿಡಿದು ಕೂಗಿದ್ದ: "ಯಾಕೋಮಿನಕ್ಕಾ, ಬೀರು ಖಾಲಿ ಮಾಡಿದ್ದೀಯೋ, ಇಲ್ಲ ಗಂಡನ್ನ ಒಳಗೇ ಕೂರಿಸಿದ್ದೀಯೋ? ಸೊಂಟ ಹೋಯ್ತಲ್ಲೇ!" ಹೆಸರೂ ಗೊತ್ತಿಲ್ಲದವರು ಬಂದು ಎಳೆದರು, ಎಳೆದವರಿಗೆಲ್ಲ ಕಾಫಿ, ಸೇಬಿನ ಕೇಕು. ಕರೆಯದೆ ಬಂದು ಹಗ್ಗ ಹಿಡಿಯುವುದು ನಮ್ಮ ಬೀದಿಯ ಧರ್ಮ. ಅಲೈಡಾ ಆ ತೊಲೆಗಳನ್ನು ಇಟ್ಟಿದ್ದು ಅದಕ್ಕೆ.

ಈಗ ನನ್ನ ಗಂಡ ಬೆರೆಂಡನಿಗೆ ಲಕ್ವ ಹೊಡೆದಿದೆ. ನದಿಯಾಚೆಯ ಶುಶ್ರೂಷಾಲಯದಲ್ಲಿ ಮಲಗಿದ್ದಾನೆ. ಉಳಿದಿರುವುದು ಕೆಲವೇ ವಾರ ಎಂದು ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಅವನು ಬೇಡುತ್ತಿರುವುದು ಒಂದೇ: ತನ್ನ ಕಿಟಕಿಯ ಪಕ್ಕ ಮಲಗಿ, ದೋಣಿಗಳನ್ನು ನೋಡುತ್ತ ಪ್ರಾಣ ಬಿಡಬೇಕು. ಅವನನ್ನು ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹೊತ್ತು ತಂದಾರು. ಅವನಿಗೆ ಬೇಕಾದ ಆಸ್ಪತ್ರೆಯ ಮಂಚ ಮಾತ್ರ ನಮ್ಮ ಮೆಟ್ಟಿಲಿನ ತಿರುವಿನಲ್ಲಿ ತಿರುಗದು. ಸಾಮಾನು ಎತ್ತುವ ವಾಹನ ತರಿಸೋಣವೆಂದರೆ, ದಂಡೆ ಭಾರ ತಾಳದು, ವಾಹನ ನಿಲ್ಲಿಸಬೇಡಿ ಎಂದು ನಿಮ್ಮ ಪುರಸಭೆಯವರೇ ಫಲಕ ನೆಟ್ಟಿದ್ದಾರೆ.

ನಿಮ್ಮ ಕಚೇರಿಗೆ ಬಂದೆ. ಕಿಂಡಿಯ ಹಿಂದೆ ಕೂತಿದ್ದ ಹುಡುಗಿ ಪಾಪ, ತೊಲೆಯ ವಿಷಯ ಕೇಳಿ ನಿಜವಾಗಿಯೂ ಗಾಬರಿಯಾದಳು.

"ಅಯ್ಯೋ ಮೇಡಂ, ಅದು ಬರೀ ಅಲಂಕಾರ ಅಲ್ವಾ? ಹೊಸ ಮನೆಗಳಲ್ಲೆಲ್ಲ ಅಂದಕ್ಕೆ ತಾನೇ ಇಡೋದು?"

"ಬೀರು ಎತ್ತಿರೋ ತೊಲೆ ಅಲಂಕಾರ ಆದ್ರೆ, ನಿಮ್ಮ ಅಧ್ಯಕ್ಷರ ಕುರ್ಚಿನೂ ಅಲಂಕಾರಾನೇ ಕಣಮ್ಮ" ಎಂದೆ.

ಅವಳ ತಪ್ಪೇನು ಬಂತು? ಹಳೆಪೇಟೆಯ ಚೆಂದ ಕೆಡಬಾರದೆಂದು ಹೊಸ ಮನೆಗಳಿಗೆಲ್ಲ ಸುಳ್ಳು ತೊಲೆ ಅಂಟಿಸಿರೆಂದು ಅಪ್ಪಣೆ ಮಾಡಿದವರು ನೀವು. ಸುಳ್ಳನ್ನು ನೋಡಿ ನೋಡಿ ನಿಮ್ಮ ಕಣ್ಣಿಗೆ ನಿಜವೂ ಸುಳ್ಳಾಗಿ ಕಂಡಿತು. ಕೊಯ್ಯುವ ಮೊದಲು ನಿಮ್ಮಲ್ಲೊಬ್ಬರು ನಮ್ಮ ಬಾಗಿಲು ತಟ್ಟಿ ಕೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ನಿಮ್ಮ ಪ್ರದರ್ಶನವನ್ನೂ ನೋಡಿ ಬಂದೆ. ನಮ್ಮ ಮನೆಯ ತೊಲೆಯನ್ನು, ಟ್ಯೂನಿಸ್ ಬಳಿದಿದ್ದ ಹಸಿರು ಬಣ್ಣವೂ ಹೋಗದ ನಮ್ಮದೇ ತೊಲೆಯನ್ನು, ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿ 'ಮುಟ್ಟಬೇಡಿ' ಎಂದು ಬರೆದಿದ್ದೀರಿ. ಅಲ್ಲೇ ಕೂತು ಅತ್ತುಬಿಟ್ಟೆ. ಕಲಾರಸಿಕೆಯೆಂದು ತಿಳಿದು ಕಾವಲಿನವನು ನೀರು ತಂದುಕೊಟ್ಟ.

ಮನೆಗೆ ಬಂದು ಅಲೈಡಾ ಅವರಿಗೇ ಫೋನು ಮಾಡಿದೆ. ಎಲ್ಲವನ್ನೂ ಕೇಳಿಕೊಂಡು, "ಆ ಪೆಟ್ಟಿಗೇಲಿ ಇನ್ನೂ ಜಾಗ ಇದ್ಯೇನಮ್ಮಾ? ನನ್ನನ್ನೂ ಮಲಗಿಸಿಬಿಡಲಿ" ಎಂದರು. ಆಮೇಲೆ, "ಶನಿವಾರ ನಾನು ಬರ್ತೀನಿ. ಸಭೆಗಲ್ಲ, ನಿಮ್ಮ ಬೀದಿಗೆ. ನನಗೂ ಹಗ್ಗದಲ್ಲಿ ಒಂದು ಹಿಡಿ ಬಿಟ್ಟಿರಿ" ಎಂದರು. ಈ ಮಾತನ್ನು ಬಹಿರಂಗವಾಗಿ ಬರೆಯಲು ಅವರ ಒಪ್ಪಿಗೆಯಿದೆ.

ಬೆರೆಂಡ್ ದಿನವೂ ನಾಲಿಗೆ ಎಳೆದೆಳೆದು ಕೇಳುತ್ತಾನೆ, "ಮಂಚ ಮೇಲೆ ಹೋಯ್ತೇನೇ?" ನಾನು ದಿನವೂ ಹೇಳುತ್ತೇನೆ, "ಇವತ್ತು ಗಾಳಿ ಜಾಸ್ತಿ ಕಣೋ, ನಾಳೆ ಎತ್ತುತ್ತಾರಂತೆ." ನಿಮ್ಮ ತಪ್ಪನ್ನು ಇನ್ನೆಷ್ಟು ದಿನ ಗಾಳಿಯ ತಲೆಗೆ ಕಟ್ಟಲಿ?

ಆದ್ದರಿಂದ ಶನಿವಾರದೊಳಗೆ ನಮ್ಮ ಕಿಟಕಿಯ ಗಾಜು ಬಿಚ್ಚಿಸಿ, ತೊಲೆಯನ್ನು ಅದರ ಜಾಗದಲ್ಲಿ ಕೂರಿಸಿಕೊಡಿ. ಎಳೆಯಲು ನಿಮ್ಮವರು ಬೇಡ, ಬೀದಿ ತುಂಬ ಜನರಿದ್ದಾರೆ. ನನ್ನ ಗಂಡನನ್ನು ಉಳಿಸಿಕೊಡಿ ಎಂದು ನಾನು ಕೇಳುತ್ತಿಲ್ಲ. ಆ ಮನೆಯಿಂದ ಕೊನೆಯ ಸಲ ಇಳಿಯುವುದಕ್ಕಾದರೂ ಅವನು ಮೊದಲು ಹತ್ತಬೇಕಲ್ಲ, ಮಾನ್ಯರೇ?

ಇಂತಿ,
ನಿಮ್ಮ ಪ್ರದರ್ಶನದ ವಸ್ತುವೊಂದರ ನಿಜವಾದ ಒಡತಿ,
ಯಾಕೋಮಿನಾ ಓಸ್ಟರ್‌ಲೂ
ಮೂರನೇ ಮಹಡಿ, ತೆರೆಯದ ಕಿಟಕಿಯ ಹಿಂದಿನಿಂದ