ನೀವು ಗೀಟು ಹಾಕಿದ ಸಾಲು

ರೀ,

ಹಾಲನ್ನು ನೀರಿನ ಪಾತ್ರೆಯಲ್ಲಿ ಇಟ್ಟಿದ್ದೇನೆ, ಎದ್ದ ತಕ್ಷಣ ಕಾಯಿಸಿ. ಫ್ರಿಜ್ ಕೆಟ್ಟು ಹನ್ನೆರಡು ದಿನವಾಯಿತು. ಹೊಸದನ್ನು ಕಂತಿನಲ್ಲಿ ತರೋಣ, ಒಂದು ಕ್ರೆಡಿಟ್ ಕಾರ್ಡ್ ಆರಿಸಿ ಎಂದರೆ ನೀವು ಆರಿಸಿದ್ದೇನು?

ವರ್ಷ ವರ್ಷ ಶುಲ್ಕ. ಬಡ್ಡಿ ನೋಡಿದರೆ ತಲೆ ಸುತ್ತುತ್ತದೆ. ಪಾಯಿಂಟು ಬರುವುದು ವಿಮಾನ ಹತ್ತಿದರೆ ಮಾತ್ರ. ಕೇಳಿದರೆ, "ಏರ್‌ಪೋರ್ಟ್ ಲೌಂಜ್ ಫ್ರೀ ಕಣೇ, ಮೆತ್ತನೆ ಸೋಫಾ, ಬೇಕಾದಷ್ಟು ಕಾಫಿ" ಅಂತೀರಿ. ಹಾಲಿಡೋಕೆ ಫ್ರಿಜ್ ಇಲ್ಲ, ಜುಟ್ಟಿಗೆ ಮಲ್ಲಿಗೆ.

ವಿಮಾನದ ಟಿಕೆಟ್ ಇಲ್ಲದವರನ್ನು ಆ ಲೌಂಜಿಗೆ ಬಿಡುವುದಿಲ್ಲ. ದಿನಕ್ಕೆ ಆರು ಸಲ ಏರ್‌ಪೋರ್ಟಿಗೆ ಬಸ್ ಓಡಿಸುವವರಿಗೆ ಇದನ್ನೂ ನಾನೇ ಹೇಳಬೇಕೇ?

ಆ ಅರ್ಜಿ ಹರಿದು ಹಾಕಿದ್ದೇನೆ, ಹುಡುಕಬೇಡಿ. ಮೇಜಿನ ಮೇಲೆ ಬೇರೆ ಅರ್ಜಿ ಇದೆ. ಬಡ್ಡಿ ಅದರ ಅರ್ಧ, ವಾರ್ಷಿಕ ಶುಲ್ಕ ಇಲ್ಲ, ದಿನಸಿ ತಂದರೂ ಪಾಯಿಂಟು ಬರುತ್ತದೆ. ಕಾರ್ಡಿನ ಬಣ್ಣ ಚೆನ್ನಾಗಿಲ್ಲ ಎಂದು ತಕರಾರು ತೆಗೆಯದೆ, ಸಂಜೆ ನಾನು ಬರುವುದರೊಳಗೆ ಸಹಿ ಹಾಕಿಡಿ.

ಹರಿಯುವಾಗ ಕಣ್ಣಿಗೆ ಬಿತ್ತು. ಲೌಂಜಿನ ಸಾಲಿನ ಕೆಳಗೆ ಕೆಂಪು ಗೀಟು ಎಳೆದು, ಪಕ್ಕದಲ್ಲಿ "ಇಬ್ಬರಿಗೆ" ಎಂದು ಬರೆದಿದ್ದೀರಿ. ಹನ್ನೊಂದು ವರ್ಷ ಊರವರನ್ನೆಲ್ಲ ಏರ್‌ಪೋರ್ಟಿನ ಬಾಗಿಲ ಮುಂದೆ ಇಳಿಸಿ, ಒಮ್ಮೆಯೂ ಒಳಗೆ ಕಾಲಿಡದ ಮನುಷ್ಯ ನೀವು.

ಆ ಚೂರನ್ನು ಮಾತ್ರ ಎಸೆಯಲು ಮನಸ್ಸು ಬರಲಿಲ್ಲ. ಕನ್ನಡಿಯ ಹಿಂದೆ ಸಿಕ್ಕಿಸಿದ್ದೇನೆ.

ಮೊದಲು ಫ್ರಿಜ್ ಬರಲಿ.